ಡಾ. ಯಲ್ಲಾಪ್ರಗಡ ಸುಬ್ಬರಾವ್: ಪ್ರಕಟಣೆಗಳ ಪಟ್ಟಿಗೆ ಸಿಗದ ವಿಜ್ಞಾನಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ‘ಪಬ್ಲಿಕೇಷನ್’ ಎಂಬ ಮಾತು ಕೇಳದ ಮನೆ ವಿರಳ. ಒಬ್ಬರಾದರೂ ಪಿಎಚ್.ಡಿ. ಮಾಡಿದವರೋ, ಪೋಸ್ಟ್‌ಡಾಕ್ ಆಗಿ ದುಡಿಯುತ್ತಿರುವವರೋ, ನಮ್ಮ ಹಾಗೆ ರೆಸಿಡೆನ್ಸಿ ಮುಗಿಸಿದ ವೈದ್ಯರೋ ಇದ್ದೇ ಇರುತ್ತಾರೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಕಾಲ ಬಂದರೆ ಎಷ್ಟು ಲೇಖನ ಪ್ರಕಟವಾಗಿದೆ, ಎಷ್ಟರಲ್ಲಿ ನಮ್ಮ ಹೆಸರು ಮೊದಲು ಬಂದಿದೆ, ಎಷ್ಟು ಮಂದಿ ಅದನ್ನು ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಶುರುವಾಗುತ್ತದೆ. ಸಂಶೋಧಕನ ಯೋಗ್ಯತೆಯನ್ನು ಹೀಗೆ ಎಣಿಸುವುದು ಇಂದು ವಾಡಿಕೆಯಾಗಿಬಿಟ್ಟಿದೆ. 2005ರಲ್ಲಿ ಜಾರ್ಜ್ ಹರ್ಷ್ ಎಂಬ ಭೌತವಿಜ್ಞಾನಿ ಇದಕ್ಕೆ ‘ಎಚ್-ಇಂಡೆಕ್ಸ್’ ಎಂಬ ಒಂದೇ ಅಂಕಿಯನ್ನೂ ಕೊಟ್ಟರು. ಹತ್ತು ಲೇಖನಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಆ ಸಂಶೋಧಕನ ಅಂಕಿ ಹತ್ತು. ಈ ತಕ್ಕಡಿಯಲ್ಲಿ ಕೂರಿಸಿದರೆ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ತೂಕ ಎಷ್ಟು ಬಂದೀತು? ಅವರ ಜೀವನವನ್ನು ಓದುವಾಗಲೆಲ್ಲ ನಮಗೆ ಏಳುವ ಪ್ರಶ್ನೆ ಇದು.

ಸುಬ್ಬರಾವ್ ಕನ್ನಡಿಗರಲ್ಲ, ನೆರೆಯ ತೆಲುಗು ನಾಡಿನವರು. ಕನ್ನಡ ಕೂಟದ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಅವರ ಕಥೆ ಏಕೆ ಎಂದು ಯಾರಾದರೂ ಕೇಳಬಹುದು. ಕಡಲು ದಾಟಿ ಈ ದೇಶಕ್ಕೆ ಓದಲು ಬಂದ ಭಾರತೀಯ ವೈದ್ಯರಲ್ಲಿ ಅವರು ನಮಗೆಲ್ಲ ಹಿರಿಯರು. ಅವರು ನಡೆಸಿದ ಪ್ರಯೋಗಶಾಲೆಯಿಂದ ಹೊರಟ ಔಷಧಿಗಳನ್ನು ನಾವು ಇಂದಿಗೂ ಚೀಟಿಯಲ್ಲಿ ಬರೆದುಕೊಡುತ್ತೇವೆ. ಅಷ್ಟು ಕಾರಣ ಸಾಕೆಂದುಕೊಂಡಿದ್ದೇವೆ.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಭೀಮಾವರದಲ್ಲಿ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ಮನೆಯಲ್ಲಿ ಬಡತನ. ಹದಿಮೂರರ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು ಓಡಿಹೋದದ್ದು ಕಾಶಿಯ ಕಡೆಗೆ. ಅಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿದರೆ ಕೈತುಂಬ ಸಂಪಾದಿಸಬಹುದೆಂಬುದು ಅವನ ಲೆಕ್ಕಾಚಾರ. ಮನೆಯವರು ಹಿಡಿದು ತಂದು ಮತ್ತೆ ಶಾಲೆಗೆ ಅಟ್ಟಿದರು. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೆಯ ಪ್ರಯತ್ನದಲ್ಲಿ, ಮದರಾಸಿನ ಹಿಂದೂ ಹೈಸ್ಕೂಲಿನಿಂದ. ಮಕ್ಕಳ ಒಂದು ಪರೀಕ್ಷೆಯಲ್ಲಿ ‘ಬಿ’ ಬಂದರೆ ರಾತ್ರಿ ನಿದ್ದೆಗೆಡುವ ನಮ್ಮ ತಂದೆತಾಯಂದಿರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಪ್ರೆಸಿಡೆನ್ಸಿ ಕಾಲೇಜಿನ ಓದು ಮುಗಿದ ಮೇಲೆ ರಾಮಕೃಷ್ಣ ಮಠ ಸೇರಿ ಸನ್ಯಾಸಿಯಾಗುವ ಮನಸ್ಸಾಗಿತ್ತು. ವೈದ್ಯ ಓದಿ ಜನಸೇವೆ ಮಾಡುವಂತೆ ಮಠದವರೇ ತಿಳಿಹೇಳಿದರಂತೆ. ಮದರಾಸು ಮೆಡಿಕಲ್ ಕಾಲೇಜು ಸೇರಿದರು. ಆ ವರ್ಷಗಳಲ್ಲೇ ಮನೆಗೆ ಸಿಡಿಲೆರಗಿತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ‘ಸ್ಪ್ರೂ’ ಎಂಬ ಕಾಯಿಲೆಗೆ ಬಲಿಯಾದರು. ಕರುಳು ತಿಂದ ಅನ್ನವನ್ನು ಹೀರಿಕೊಳ್ಳುವುದಿಲ್ಲ, ಭೇದಿ ನಿಲ್ಲುವುದಿಲ್ಲ, ನಾಲಗೆ ಹುಣ್ಣಾಗುತ್ತದೆ, ರಕ್ತ ತೆಳುವಾಗುತ್ತ ಮನುಷ್ಯ ಸೊರಗಿ ಹೋಗುತ್ತಾನೆ. ಉಷ್ಣ ದೇಶಗಳ ಈ ರೋಗಕ್ಕೆ ಅಂದಿನ ಪಾಶ್ಚಾತ್ಯ ವೈದ್ಯರಲ್ಲಿ ಮದ್ದಿರಲಿಲ್ಲ. ಸುಬ್ಬರಾವ್ ಅವರಿಗೂ ಅದೇ ಕಾಯಿಲೆ ತಗುಲಿತು. ಅವರನ್ನು ಉಳಿಸಿದವರು ಆಯುರ್ವೇದ ವೈದ್ಯ ಡಾ. ಆಚಂಟ ಲಕ್ಷ್ಮೀಪತಿ.

ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಖಾದಿ ತೊಡತೊಡಗಿದರು. ಖಾದಿಯ ಗೌನಿನಲ್ಲಿ ಬಂದ ವಿದ್ಯಾರ್ಥಿಯನ್ನು ಕಂಡು ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕರಿಗೆ ಸಿಟ್ಟು ಬಂತು. ಕೊನೆಗೆ ಸುಬ್ಬರಾವ್ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ. ಸರ್ಕಾರಿ ವೈದ್ಯ ಸೇವೆಯ ಬಾಗಿಲು ಮುಚ್ಚಿತು. ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಹೇಳುತ್ತ ಕಾಲ ಕಳೆದರು. 1919ರಲ್ಲಿ ಶೇಷಗಿರಿ ಎಂಬುವರೊಡನೆ ಮದುವೆಯಾಗಿತ್ತು. ಮಾವನವರ ನೆರವು ಮತ್ತು ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆಯ ಸಹಾಯ ಸೇರಿ ಅಮೆರಿಕದ ಪ್ರಯಾಣ ಕೂಡಿಬಂತು.

1922ರ ಅಕ್ಟೋಬರ್ ಕೊನೆಯಲ್ಲಿ ಅವರು ಬಾಸ್ಟನ್ನಿಗೆ ಬಂದಿಳಿದರು. ಹಾರ್ವರ್ಡಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಸೀಟು ಸಿಕ್ಕಿತ್ತು, ಆದರೆ ವಿದ್ಯಾರ್ಥಿವೇತನವಿರಲಿಲ್ಲ. ಎಲ್.ಎಂ.ಎಸ್. ಇಟ್ಟುಕೊಂಡು ಇಲ್ಲಿ ವೈದ್ಯವೃತ್ತಿ ನಡೆಸುವಂತೆಯೂ ಇರಲಿಲ್ಲ. ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರನಾಗಿ ರೋಗಿಗಳ ಬೆಡ್‌ಪ್ಯಾನ್ ತೊಳೆದು ಹೊಟ್ಟೆ ಹೊರೆದರು. ಊರಿನಲ್ಲಿ ಡಾಕ್ಟರೆನಿಸಿಕೊಂಡು ಬಂದು, ಇಲ್ಲಿ ರೆಸಿಡೆನ್ಸಿ ಸಿಗುವ ತನಕ ಸಿಕ್ಕಿದ ಕೆಲಸ ಮಾಡಿದವರು ನಮ್ಮ ಬಳಗದಲ್ಲೂ ಇದ್ದಾರೆ, ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನಮಗೆ ಇಲ್ಲದಿದ್ದ ಇನ್ನೊಂದು ಕಷ್ಟ ಅವರಿಗಿತ್ತು. ಅವರು ಬಂದ ನಾಲ್ಕೇ ತಿಂಗಳಿಗೆ, 1923ರ ಫೆಬ್ರವರಿಯಲ್ಲಿ, ಭಗತ್ ಸಿಂಗ್ ತಿಂದ್ ಎಂಬುವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಈ ದೇಶದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಎಷ್ಟು ವರ್ಷ ದುಡಿದರೂ ಇಲ್ಲಿ ಪರಕೀಯನಾಗಿಯೇ ಇರಬೇಕು ಎಂಬುದು ಅಲ್ಲಿಗೆ ಖಚಿತವಾಯಿತು.

ಉಷ್ಣವಲಯ ವೈದ್ಯದ ಡಿಪ್ಲೊಮಾ ಮುಗಿಸಿ ಸುಬ್ಬರಾವ್ ಹಾರ್ವರ್ಡಿನ ಜೀವರಸಾಯನ ವಿಭಾಗ ಸೇರಿದರು. ಅಲ್ಲಿ ಸೈರಸ್ ಫಿಸ್ಕೆ ಅವರ ಕೈಕೆಳಗೆ ಕೆಲಸ. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಕರಾರುವಾಕ್ಕಾಗಿ ಅಳೆಯುವ ಸುಲಭ ಉಪಾಯ ಬೇಕಾಗಿತ್ತು. ಅದಕ್ಕೆ ಮುಂಚಿನ ವಿಧಾನಗಳಲ್ಲಿ ಬಣ್ಣ ಮೂಡುವುದು ನಿಧಾನ, ಇತರ ವಸ್ತುಗಳ ಅಡ್ಡಿ ಬೇರೆ. ಇವರು ಆಮ್ಲದಲ್ಲಿ ರಂಜಕವನ್ನು ಮಾಲಿಬ್ಡೇಟ್ ಲವಣದೊಡನೆ ಕೂಡಿಸಿ, ಅಮೈನೊನ್ಯಾಫ್ತಾಲ್ ಸಲ್ಫಾನಿಕ್ ಆಮ್ಲದಿಂದ ಅಪಕರ್ಷಿಸಿದರು. ಕೊಳವೆಯಲ್ಲಿ ನೀಲಿ ಬಣ್ಣ ಮೂಡಿತು. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. 1925ರಲ್ಲಿ ‘ಜರ್ನಲ್ ಆಫ್ ಬಯೊಲಾಜಿಕಲ್ ಕೆಮಿಸ್ಟ್ರಿ’ಯಲ್ಲಿ ಈ ಲೇಖನ ಪ್ರಕಟವಾಯಿತು. ಮೊದಲ ಹೆಸರು ಫಿಸ್ಕೆ, ಎರಡನೆಯದು ಸುಬ್ಬರಾವ್.

ಭಾರತದಲ್ಲಿ ವೈದ್ಯಕೀಯ ಓದಿದವರಿಗೆ ಇದು ಮರೆಯುವ ಹೆಸರಲ್ಲ. ಎಂ.ಬಿ.ಬಿ.ಎಸ್. ಮೊದಲ ವರ್ಷದ ಬಯೊಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಫಿಸ್ಕೆ–ಸುಬ್ಬರಾವ್ ವಿಧಾನವೆಂದು ನಾವು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ, ಪಿಪೆಟ್ಟಿನಿಂದ ಎಳೆದು ನೀಲಿ ಬಣ್ಣ ಕಂಡಿದ್ದೇವೆ. ಆ ಸುಬ್ಬರಾವ್ ಯಾರು ಎಂದು ನಾವೂ ಕೇಳಲಿಲ್ಲ, ನಮಗೆ ಯಾರೂ ಹೇಳಲೂ ಇಲ್ಲ. ಉಲ್ಲೇಖಗಳನ್ನು ಎಣಿಸುವ ಪದ್ಧತಿಯನ್ನು 1960ರ ದಶಕದಲ್ಲಿ ಯುಜೀನ್ ಗಾರ್‌ಫೀಲ್ಡ್ ಆರಂಭಿಸಿದ ಮೇಲೆ ಒಂದು ಸಂಗತಿ ಬೆಳಕಿಗೆ ಬಂತು. ವಿಜ್ಞಾನಿಗಳು ಅತಿ ಹೆಚ್ಚು ಉಲ್ಲೇಖಿಸುವುದು ಮಹಾನ್ ಆವಿಷ್ಕಾರಗಳನ್ನಲ್ಲ, ಅಳತೆಯ ವಿಧಾನಗಳನ್ನು. ಫಿಸ್ಕೆ–ಸುಬ್ಬರಾವ್ ಲೇಖನವೂ ಸಾವಿರಾರು ಸಲ ಉಲ್ಲೇಖಗೊಂಡ ಲೇಖನಗಳ ಸಾಲಿಗೆ ಸೇರಿತು. ಇಬ್ಬರ ಕೆಲಸವನ್ನು ಆ ಪತ್ರಿಕೆ 2002ರಲ್ಲಿ ತನ್ನ ಶತಮಾನದ ಮಾಲಿಕೆಯಲ್ಲಿ ನೆನಪಿಸಿಕೊಂಡಿತು. ಎಣಿಕೆಯ ತಕ್ಕಡಿಯಲ್ಲಿ ಸುಬ್ಬರಾವ್ ಭಾರವಾಗಿ ತೂಗುವುದು ಇದೊಂದರಿಂದ.

ಆದರೆ ನಮ್ಮ ದೃಷ್ಟಿಯಲ್ಲಿ ಅವರ ನಿಜವಾದ ಕೆಲಸ ಆರಂಭವಾಗುವುದು ಇದರ ಆಚೆಗೆ. ಸ್ನಾಯು ಕೆಲಸ ಮಾಡಲು ಶಕ್ತಿ ಎಲ್ಲಿಂದ ಬರುತ್ತದೆ? ಲ್ಯಾಕ್ಟಿಕ್ ಆಮ್ಲವೇ ಅದರ ಮೂಲವೆಂದು ಆ ಕಾಲದ ನಂಬಿಕೆ. ಸ್ನಾಯುವಿನ ಬಗೆಗಿನ ಕೆಲಸಕ್ಕೆ ಎ. ವಿ. ಹಿಲ್ ಮತ್ತು ಒಟ್ಟೊ ಮೈಯರ್‌ಹಾಫ್ ಅವರಿಗೆ 1922ರ ನೊಬೆಲ್ ಕೂಡ ಸಂದಿತ್ತು. ಇತ್ತ ಹಾರ್ವರ್ಡಿನಲ್ಲಿ ಸ್ನಾಯುವಿನ ರಸವನ್ನು ತಮ್ಮ ವಿಧಾನದಿಂದ ಪರೀಕ್ಷಿಸುವಾಗ ಇವರಿಗೊಂದು ವಿಚಿತ್ರ ಕಂಡಿತು. ನೀಲಿ ಬಣ್ಣ ಒಮ್ಮೆಗೇ ಬಾರದೆ ಕೆಲವು ನಿಮಿಷಗಳ ಕಾಲ ಏರುತ್ತಲೇ ಹೋಗುತ್ತಿತ್ತು. ವಿಧಾನದ ದೋಷವೆಂದು ಬೇರೆಯವರು ಕೈಬಿಡುತ್ತಿದ್ದರೇನೊ. ಇವರು ಬೆನ್ನು ಹತ್ತಿದರು. ಕ್ರಿಯಾಟಿನ್ನಿಗೆ ರಂಜಕ ಅಂಟಿಕೊಂಡಿರುವ ಒಂದು ವಸ್ತು ಸ್ನಾಯುವಿನಲ್ಲಿದೆ, ಅದು ಆಮ್ಲದಲ್ಲಿ ಮೆಲ್ಲಗೆ ಒಡೆದು ರಂಜಕವನ್ನು ಬಿಟ್ಟುಕೊಡುತ್ತದೆ, ಅದಕ್ಕೇ ಬಣ್ಣ ಏರುತ್ತದೆ ಎಂದು ತಿಳಿಯಿತು. ಅದೇ ಫಾಸ್ಫೊಕ್ರಿಯಾಟಿನ್. 1927ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸುದ್ದಿ ಹೊರಬಿತ್ತು. ಅದೇ ಹೊತ್ತಿಗೆ ಲಂಡನ್ನಿನ ಎಗಲ್ಟನ್ ದಂಪತಿಗಳೂ ಇಂಥದೊಂದು ವಸ್ತುವನ್ನು ಕಂಡಿದ್ದರು, ಅದರಲ್ಲಿ ಕ್ರಿಯಾಟಿನ್ ಇರುವುದನ್ನು ಗುರುತಿಸಿದವರು ಇವರು. 1929ರಲ್ಲಿ ಎ.ಟಿ.ಪಿ. ಎಂದು ಇಂದು ಹೈಸ್ಕೂಲ್ ಮಕ್ಕಳೂ ಹೇಳುವ ವಸ್ತುವನ್ನು ಸ್ನಾಯುವಿನಿಂದ ಬೇರ್ಪಡಿಸಿದರು. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಕಂಡುಹಿಡಿದರು.

ಎ.ಟಿ.ಪಿ. ಬಗ್ಗೆ ಇಂದು ಬರೆಯುವ ಯಾರೂ 1929ರ ಆ ಲೇಖನವನ್ನು ಉಲ್ಲೇಖಿಸಲು ಹೋಗುವುದಿಲ್ಲ. ಪಠ್ಯಪುಸ್ತಕ ಸೇರಿದ ಸಂಗತಿಗೆ ಸಾಕ್ಷಿ ಯಾರು ಕೇಳುತ್ತಾರೆ? ಅಳತೆಯ ವಿಧಾನ ಸಾವಿರಾರು ಸಲ ಎಣಿಕೆಗೆ ಬಂತು, ಜೀವಕೋಶದ ಶಕ್ತಿಯ ಗುಟ್ಟು ಎಣಿಕೆಯಿಂದ ಜಾರಿಹೋಯಿತು.

1930ರಲ್ಲಿ ಪಿಎಚ್.ಡಿ. ಬಂತು. ಆ ಮೇಲೆ ಹತ್ತು ವರ್ಷ ಸುಬ್ಬರಾವ್ ಹಾರ್ವರ್ಡಿನಲ್ಲೇ ಇದ್ದರು, ಖಾಯಂ ಹುದ್ದೆ ಸಿಗಲಿಲ್ಲ. ಇದಕ್ಕೆ ಒಂದೇ ಕಾರಣ ಹುಡುಕುವುದು ಸರಿಯಲ್ಲವೆನಿಸುತ್ತದೆ. ಅವರು ಪರದೇಶದವರು, ಪೌರರಾಗುವ ಹಕ್ಕಿಲ್ಲದವರು. ಮುಖ್ಯ ಲೇಖನಗಳಲ್ಲಿ ಅವರ ಹೆಸರು ಎರಡನೆಯದು. ಕೆಲಸದ ಶ್ರೇಯಸ್ಸನ್ನು ಅವರೇ ಫಿಸ್ಕೆಯವರಿಗೆ ಬಿಟ್ಟುಕೊಟ್ಟರೆಂದೂ ಹೇಳುವುದುಂಟು. ಅಲ್ಲಿ ಅವರೊಡನೆ ಕೆಲಸ ಮಾಡಿದ್ದ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಇನ್ನೂ ಒಂದು ಮಾತು ತಿಳಿಸಿದ್ದಾರೆ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡುಗಳನ್ನು ವರ್ಷಗಳ ನಂತರ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯಿತು, ಏಕೆಂದರೆ ಫಿಸ್ಕೆ ಅವು ಬೆಳಕು ಕಾಣಲು ಬಿಡಲಿಲ್ಲ ಎಂಬುದು ಅವರ ಅಭಿಪ್ರಾಯ. ಫಿಸ್ಕೆಯವರ ಸಮಜಾಯಿಷಿ ಏನಿತ್ತೋ, ಇಬ್ಬರೂ ಇಂದು ಇಲ್ಲ. ಪ್ರಕಟವಾಗದ ಕೆಲಸಕ್ಕೆ ಲೆಕ್ಕದಲ್ಲಿ ಜಾಗವಿಲ್ಲ ಎಂಬುದು ಮಾತ್ರ ಅಂದೂ ಇಂದೂ ಒಂದೇ.

1940ರಲ್ಲಿ ಅವರು ವಿಶ್ವವಿದ್ಯಾಲಯ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರಿನಲ್ಲಿದ್ದ ಲೆಡರ್ಲೆ ಔಷಧಿ ಕಂಪನಿ ಸೇರಿ, ಬೇಗನೆ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಮುಂದಿನ ಎಂಟು ವರ್ಷಗಳಲ್ಲಿ ಅಲ್ಲಿಂದ ಹೊರಬಂದುದನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ.

ಮೊದಲನೆಯದು ಫೋಲಿಕ್ ಆಮ್ಲ. 1930ರ ಸುಮಾರಿಗೆ ಬೊಂಬಾಯಿಯಲ್ಲಿ ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಕೆಲಸ ಮಾಡುತ್ತಿದ್ದ ಲೂಸಿ ವಿಲ್ಸ್ ಎಂಬ ವೈದ್ಯೆ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ತೋರಿಸಿದ್ದರು. ಆ ಸಾರದಲ್ಲಿದ್ದ ವಸ್ತು ಯಾವುದೆಂದು ಗೊತ್ತಿರಲಿಲ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ತೆಗೆದ ಇಂಥದೇ ಅಂಶಕ್ಕೆ ಟೆಕ್ಸಾಸಿನ ವಿಜ್ಞಾನಿಗಳು ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಅದನ್ನು ಶುದ್ಧರೂಪದಲ್ಲಿ ಕೃತಕವಾಗಿ ತಯಾರಿಸಿ ತೋರಿಸಿದ್ದು 1945ರಲ್ಲಿ ಸುಬ್ಬರಾವ್ ಅವರ ತಂಡ. ‘ಸೈನ್ಸ್’ ಪತ್ರಿಕೆಯ ಆ ಲೇಖನಕ್ಕೆ 16 ಮಂದಿ ಲೇಖಕರು. ಸುಬ್ಬರಾವ್ ಹೆಸರು ಏಳನೆಯದು. ಮೊದಲ ಎಂಟು ಹೆಸರುಗಳು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿವೆ, ಅವರಿಗೆ ‘ಎಸ್’ ಅಕ್ಷರದ ಸರದಿ ಬಂದಾಗ ಜಾಗ ಸಿಕ್ಕಿದೆ. ತಂಡದ ನಾಯಕ ತನ್ನ ಹೆಸರನ್ನು ಹೀಗೆ ಸಾಲಿನಲ್ಲಿ ನಿಲ್ಲಿಸುವುದನ್ನು ನಮ್ಮ ಕಾಲದಲ್ಲಿ ನಾವು ಹೆಚ್ಚಾಗಿ ಕಂಡಿಲ್ಲ.

ಅಣ್ಣತಮ್ಮಂದಿರನ್ನು ಕೊಂದ ಸ್ಪ್ರೂ ರೋಗಕ್ಕೆ ಈ ಫೋಲಿಕ್ ಆಮ್ಲವೇ ಔಷಧಿಯಾಯಿತು. ಟಾಮ್ ಸ್ಪೈಸ್ ಎಂಬ ವೈದ್ಯರು ಆ ರೋಗಿಗಳಿಗೆ ಇದನ್ನು ಕೊಟ್ಟು ಗುಣ ಕಂಡರು. ಗರ್ಭ ಧರಿಸುವ ಮುನ್ನವೇ ಇದನ್ನು ಸೇವಿಸಿದರೆ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹುಪಾಲು ತಡೆಯಬಹುದೆಂದು 1991ರಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ತೋರಿಸಿತು. 1998ರಿಂದ ಅಮೆರಿಕದಲ್ಲಿ ಮಾರುವ ಪುಷ್ಟೀಕೃತ ಮೈದಾಹಿಟ್ಟಿನಲ್ಲಿ ಅದನ್ನು ಬೆರೆಸುವುದು ಕಡ್ಡಾಯ. ಬೆಳಿಗ್ಗೆ ಮಕ್ಕಳಿಗೆ ಕೊಡುವ ಬ್ರೆಡ್ಡಿನ ಪೊಟ್ಟಣದ ಮೇಲೆ ಕಣ್ಣಾಡಿಸಿ, ಫೋಲಿಕ್ ಆಸಿಡ್ ಎಂದು ಅಚ್ಚಾಗಿರುತ್ತದೆ.

ಎರಡನೆಯದು ಇದಕ್ಕೆ ತಿರುಗುಮುರುಗಾದದ್ದು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರಾದ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟಾಗ ರೋಗ ಇನ್ನೂ ಬಿರುಸಾದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲಕ್ಕೆ ಅಡ್ಡಗಾಲಾಗುವ ವಸ್ತು ಕೊಟ್ಟರೆ? ಲೆಡರ್ಲೆಯ ರಸಾಯನ ತಜ್ಞರು ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದೆಡೆ ಅಮೈನೊ ಗುಂಪನ್ನು ಕೂರಿಸಿ ಅಮೈನಾಪ್ಟೆರಿನ್ ತಯಾರಿಸಿದರು. ಜೀವಕೋಶ ಅದನ್ನು ಫೋಲಿಕ್ ಆಮ್ಲವೆಂದು ನಂಬಿ ಮೋಸಹೋಗುತ್ತದೆ, ಹೊಸ ಕೋಶ ಕಟ್ಟಲಾಗದೆ ಸಾಯುತ್ತದೆ. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟವಾಯಿತು. 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು. ತಾತ್ಕಾಲಿಕವೇ ಸರಿ, ಅಲ್ಲಿಯ ತನಕ ಆ ಮಕ್ಕಳಿಗೆ ಏನೂ ಇರಲಿಲ್ಲ. ಇದರ ತಮ್ಮನೇ ಮೆಥೊಟ್ರೆಕ್ಸೇಟ್. ಇಂದು ಲ್ಯುಕೇಮಿಯದ ಮಕ್ಕಳಿಗೂ, ಸಂಧಿವಾತದಿಂದ ಬೆರಳು ಮಡಿಸಲಾಗದ ತಾಯಂದಿರಿಗೂ ಇದನ್ನು ಕೊಡುತ್ತೇವೆ. ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ, ಜೊತೆಗೆ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಮ್ಲದ ಮಾತ್ರೆ. ಹೀಗೆ ಒಂದೇ ಚೀಟಿಯಲ್ಲಿ ಸುಬ್ಬರಾವ್ ಅವರ ಎರಡೂ ಕೊಡುಗೆಗಳು ಬಂದು ಕೂರುತ್ತವೆ. (ವಾರಕ್ಕೊಮ್ಮೆಯದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಊರಿನಲ್ಲಿರುವ ಹಿರಿಯರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಫೋನಿನಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.) 1947ರಲ್ಲಿ ಅಮೈನಾಪ್ಟೆರಿನ್ ಅಣುವನ್ನು ವರ್ಣಿಸಿದ ಲೇಖನದಲ್ಲಿ ಸುಬ್ಬರಾವ್ ಹೆಸರಿಲ್ಲ.

ಮೂರನೆಯದು ಹೆಟ್ರಜಾನ್, ನಮ್ಮ ಪಠ್ಯಗಳ ಡೈಇಥೈಲ್‌ಕಾರ್ಬಮಜೈನ್. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಈ ಮಾತ್ರೆಯ ವರದಿ 1947ರಲ್ಲಿ ಬಂತು. ಆರು ಲೇಖಕರಲ್ಲಿ ಸುಬ್ಬರಾವ್ ಕೊನೆಯವರು. ಇಲ್ಲಿ ನಮ್ಮ ಕರ್ನಾಟಕದ ಮಾತು ಬಂದೇ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಲ್ಲೂ ಕಲಬುರ್ಗಿ, ಬೀದರ, ರಾಯಚೂರಿನ ಕಡೆಯೂ ಆನೆಕಾಲು ರೋಗಿಗಳನ್ನು ನೋಡದ ಹಿರಿಯರಿಲ್ಲ. ಹುಳುವಿನ ಮರಿಗಳು ರಕ್ತಕ್ಕೆ ಬರುವುದು ರಾತ್ರಿ ಹೊತ್ತು, ಆದ್ದರಿಂದ ಆರೋಗ್ಯ ಇಲಾಖೆಯವರು ರಕ್ತ ತೆಗೆಯಲು ಕತ್ತಲಾದ ಮೇಲೆ ಬಾಗಿಲು ತಟ್ಟುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಊರೇ ನುಂಗುವಂತೆ ಹಂಚಿದ ಡಿ.ಇ.ಸಿ. ಮಾತ್ರೆ ಇದೇ.

ಇನ್ನು ಆರಿಯೊಮೈಸಿನ್. ಟೆಟ್ರಾಸೈಕ್ಲಿನ್ ಗುಂಪಿನ ಈ ಮೊದಲ ಔಷಧಿಯನ್ನು ಮಣ್ಣಿನ ಜೀವಾಣುವಿನಲ್ಲಿ ಕಂಡವರು ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ. ಲೆಡರ್ಲೆಯಲ್ಲಿ ಆ ಹುಡುಕಾಟವನ್ನು ನಡೆಸಿದವರು ಸುಬ್ಬರಾವ್. ಈಚೆಗೆ ಸುಬ್ಬರಾವ್ ಬಗ್ಗೆ ಹರಿದಾಡುವ ಬರಹಗಳಲ್ಲಿ ಎಲ್ಲವನ್ನೂ ಅವರೊಬ್ಬರೇ ಕಂಡುಹಿಡಿದರೆಂದು ಬರೆದುಬಿಡುತ್ತಾರೆ. ಅಭಿಮಾನ ಸರಿಯೇ, ಆದರೆ ಡಗ್ಗರ್, ಲೋಮನ್, ಲೂಸಿ ವಿಲ್ಸ್ ಹೆಸರುಗಳನ್ನು ಅಳಿಸಿ ಸುಬ್ಬರಾವ್ ಹೆಸರು ಬರೆಯುವುದು ನಮಗೆ ಒಪ್ಪಿಗೆಯಿಲ್ಲ. ತಮ್ಮ ಹೆಸರನ್ನೇ ಮುಂದೆ ಮಾಡದಿದ್ದವರಿಗೆ ಇತರರ ಹೆಸರು ಕಿತ್ತು ಮುಡಿಸುವುದು ಯಾವ ನ್ಯಾಯ?

ಈ ಎಲ್ಲ ವರ್ಷಗಳಲ್ಲಿ ಊರಿನಲ್ಲಿ ಶೇಷಗಿರಿಯವರು ಕಾಯುತ್ತಿದ್ದರು. ಪತಿ ಹಡಗು ಹತ್ತಿದ ಮೇಲೆ ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆ ಮಗನ ಮುಖ ನೋಡಲಿಲ್ಲ. ಓದು ಮುಗಿಸಿ ಬರುತ್ತೇನೆಂದು ಹೊರಟವರು 26 ವರ್ಷ ಇಲ್ಲೇ ಉಳಿದರು, ಒಮ್ಮೆಯೂ ಹಿಂದಿರುಗಲಿಲ್ಲ. ಅವರ ಪ್ರಕಟಣೆಗಳ ಲೆಕ್ಕ ಹಾಕುವವರು ಈ ಖರ್ಚಿನ ಬಾಬ್ತನ್ನೂ ನೋಡಬೇಕೆಂದು ನಮಗನ್ನಿಸುತ್ತದೆ. ದೊಡ್ಡ ವಿಜ್ಞಾನಿಯ ಪತ್ನಿ ಎಂಬ ಮಾತಿನಿಂದ ಆ ಹೆಣ್ಣುಮಗಳ ಒಂಟಿತನ ತುಂಬುವಂಥದಲ್ಲ.

1946ರ ಜುಲೈನಲ್ಲಿ ಕಾನೂನು ಬದಲಾಗಿ ಭಾರತೀಯರಿಗೂ ಪೌರತ್ವದ ದಾರಿ ತೆರೆಯಿತು. ಸುಬ್ಬರಾವ್ ಪೌರರಾಗುವ ಮೊದಲೇ, 1948ರ ಆಗಸ್ಟ್‌ನಲ್ಲಿ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹೃದಯಾಘಾತ. ವಯಸ್ಸು 53. ಫಾರ್ಬರ್ ವರದಿ ಬಂದು ಎರಡು ತಿಂಗಳಾಗಿತ್ತು, ಆರಿಯೊಮೈಸಿನ್ ಪ್ರಪಂಚಕ್ಕೆ ಪರಿಚಯವಾಗಿ ಕೆಲವೇ ವಾರ. ಮೆಥೊಟ್ರೆಕ್ಸೇಟಿನಿಂದ ಗರ್ಭಕೋಶದ ಒಂದು ಬಗೆಯ ಕ್ಯಾನ್ಸರು ಪೂರ್ತಿ ಗುಣವಾದ 1956ರ ವರದಿಯನ್ನು ನೋಡಲು ಅವರಿರಲಿಲ್ಲ.

1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು. 2010ರಲ್ಲಿ ಸಿದ್ಧಾರ್ಥ ಮುಖರ್ಜಿಯವರು ಕ್ಯಾನ್ಸರಿನ ಚರಿತ್ರೆ ಬರೆದಾಗ ಫಾರ್ಬರ್ ಜೊತೆಗೆ ಸುಬ್ಬರಾವ್ ಕಥೆಯೂ ಹೊಸ ಓದುಗರಿಗೆ ತಲುಪಿತು. ಇವೆಲ್ಲಕ್ಕಿಂತ ಮುಂಚೆ, 1953ರಲ್ಲಿ, ಲೆಡರ್ಲೆಯಲ್ಲಿ ಕೆಲಸ ಮಾಡಿದ್ದ ಕ್ಲಿಫರ್ಡ್ ಹೆಸಲ್ಟಿನ್ ಎಂಬ ಶಿಲೀಂಧ್ರ ತಜ್ಞರು ಕೊಳಚೆನೀರು ಶುದ್ಧಮಾಡುವ ಸೋಸುತೊಟ್ಟಿಗಳಲ್ಲಿ ಬೆಳೆಯುವ ಬೂಷ್ಟುಗಳನ್ನು ಅಭ್ಯಾಸ ಮಾಡುತ್ತಿದ್ದಾಗ ಹೊಸದೊಂದು ಕುಲ ಕಂಡರು. ಅದಕ್ಕೆ ‘ಸುಬ್ಬರೊಮೈಸಿಸ್’ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಸುಬ್ಬರಾವ್ ಮೊದಲು ಬರುತ್ತಾರೆ.